ಲಿಬೇವಿಯಸ್ ಮೇಷ್ಟ್ರ ನೀಲಿ

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಅಮೋನಿಯಾ ಹಾಕಿ ತಾಮ್ರ ಪತ್ತೆ ಮಾಡುವ ಪ್ರಯೋಗವನ್ನು ಎಷ್ಟೋ ವರ್ಷ ಸುಮ್ನೆ ಮಾಡಿಸಿದ್ದೆ. ಅದನ್ನು ಗುರುತಿಸಿದವರು ಆಂಡ್ರಿಯಾಸ್ ಲಿಬೇವಿಯಸ್ ಎಂಬ ಜರ್ಮನ್ ವೈದ್ಯರು, ಅವರೂ ಮೇಷ್ಟ್ರೇ ಅಂತ ಗೊತ್ತಾದ ಮೇಲೆ ಪಾಠದ ರೀತಿ ಬದಲಾಯಿತು.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ನಮ್ಮ ಮಲೆನಾಡಿನ ಮಕ್ಕಳಿಗೆ ಗೊತ್ತಿರುವುದೇ. ಅದರ ಒಂದು ಚಿಟಿಕೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸುತ್ತೇನೆ. ತೆಳು ನೀಲಿ. ಕಿಟಕಿ ತೆಗೆದಿಟ್ಟು, ಪ್ರನಾಳಕ್ಕೆ ಹನಿ ಹನಿಯಾಗಿ ಅಮೋನಿಯಾ ಬಿಡುತ್ತೇನೆ. ಮೊದಲು ಒಡೆದ ಹಾಲಿನ ಹಾಗೆ ತಿಳಿನೀಲಿ ಗಷ್ಟು ಕಟ್ಟುತ್ತದೆ. ಇಲ್ಲಿ ನಿಲ್ಲಿಸಬಾರದು. ಇನ್ನಷ್ಟು ಹನಿ ಬಿಟ್ಟು ಅಲ್ಲಾಡಿಸಿದರೆ ಗಷ್ಟು ಕರಗಿ, ಶಾಯಿಯಂಥ ಕಡುನೀಲಿ ಬರುತ್ತದೆ. ತಾಮ್ರದ ಅಯಾನನ್ನು ನಾಲ್ಕು ಅಮೋನಿಯಾ ಅಣುಗಳು ಹಿಡಿದುಕೊಂಡಾಗ ಬರುವ ಬಣ್ಣ ಅದು. ಅಮೋನಿಯಾ ಹಾಕದ ಪ್ರನಾಳವನ್ನು ಪಕ್ಕದಲ್ಲೇ ಹಿಡಿದರೆ, ಅದರಲ್ಲಿರುವುದು ಬರೀ ನೀರೇನೋ ಅನ್ನಿಸುತ್ತದೆ.

ಆ ನೀಲಿ ಕೈಯಲ್ಲಿರುವಾಗಲೇ ಕಥೆ ಹೇಳುತ್ತೇನೆ. ಲಿಬೇವಿಯಸ್ ಜರ್ಮನಿಯ ಹಾಲೆ ಊರಿನ ನೇಕಾರರ ಮಗ. ಜೆನಾದಲ್ಲಿ ಇತಿಹಾಸ, ಕಾವ್ಯ ಕಲಿಸಿದರು. ಆಮೇಲೆ ರೋಥೆನ್‌ಬುರ್ಗ್‌ನಲ್ಲಿ ಊರ ವೈದ್ಯರಾದರು. 1597ರಲ್ಲಿ ‘ಆಲ್ಕೆಮಿಯಾ’ ಎಂಬ ಪುಸ್ತಕ ಬಂತು. ರಸವಿದ್ಯೆಯವರು ತಮ್ಮ ವಿಧಾನಗಳನ್ನು ಗುಟ್ಟಿನ ಮಾತಿನಲ್ಲಿ ಮುಚ್ಚಿಡುತ್ತಿದ್ದ ಕಾಲ ಅದು. ಇವರು ಒಲೆ, ಪಾತ್ರೆ, ಕೆಲಸದ ಹಂತ ಎಲ್ಲವನ್ನೂ ವಿಂಗಡಿಸಿ, ಓದಿದವರು ಮಾಡಿ ನೋಡುವಂತೆ ಬರೆದರು. ರಸಾಯನಶಾಸ್ತ್ರದ ಮೊದಲ ಪಠ್ಯಪುಸ್ತಕ ಇದೇ ಅಂತ ಬಹಳ ಜನ ಹೇಳುತ್ತಾರೆ. ಬೇರೆ ಲೋಹವನ್ನು ಚಿನ್ನ ಮಾಡಬಹುದು ಅಂತ ಅವರೂ ನಂಬಿದ್ದರು. ಅದನ್ನೂ ಮಕ್ಕಳಿಗೆ ಮುಚ್ಚಿಡದೆ ಹೇಳುತ್ತೇನೆ. ಕೊನೆಯ ವರ್ಷಗಳಲ್ಲಿ ಕೋಬುರ್ಗ್‌ನ ಶಾಲೆಯ ಮುಖ್ಯಸ್ಥರಾಗಿದ್ದು, 1616ರಲ್ಲಿ ಅಲ್ಲೇ ತೀರಿಕೊಂಡರು.

ನನಗೆ ಹಿಡಿಸಿದ್ದು ಆ ಬಿಚ್ಚುಮನಸ್ಸು. ಹಾಗಾಗಿ ಈಗ ಅಂಕಕ್ಕಾಗಿ ಉತ್ತರ ಬರೆಸುವುದಿಲ್ಲ. ಮಾಡಿದ್ದನ್ನು ಪ್ರತಿಯೊಬ್ಬರೂ ತಮ್ಮ ಮಾತಿನಲ್ಲೇ ಬರೆಯಬೇಕು. ಮರುವಾರ ನೋಟ್‌ಬುಕ್ ಅದಲು ಬದಲು. ಬೇರೆ ವಿಭಾಗದ, ಈ ಪ್ರಯೋಗ ನೋಡಿರದ ಮಕ್ಕಳು ಅದನ್ನಷ್ಟೇ ಓದಿ ಮಾಡುತ್ತಾರೆ. ನೀಲಿ ಬರದಿದ್ದರೆ ಬರೆದವರು ತಿದ್ದಬೇಕು. ‘ಗಷ್ಟು ಕಂಡ ಮೇಲೂ ಹನಿ ಬಿಡುತ್ತಿರಿ’ ಅನ್ನುವ ಸಾಲು ಬಿಟ್ಟವರೇ ಜಾಸ್ತಿ.