ಗಿಣಿಮೂತಿ ಮಾವಿಗೆ ಬಣ್ಣ: ಪುಟ್ಟ ಮಕ್ಕಳಿಗೆ ಕಲಿಸುವುದು ಹೇಗೆ?

ಕೋಲಾರದಲ್ಲಿ ಕಿಟಕಿ ತೆರೆದರೆ ಅಂತರಗಂಗೆ ಬೆಟ್ಟದ ದುಂಡು ಬಂಡೆಗಳು ಕಾಣುತ್ತವೆ. ಆದರೂ ಮಕ್ಕಳು ಬರೆಯುವುದು ಎರಡು ತ್ರಿಕೋನ, ನಡುವೆ ಒಂದು ಸೂರ್ಯ. ಯಾಕೆಂದರೆ ನಾವು ಬೋರ್ಡ್ ಮೇಲೆ ಬರೆದದ್ದು ಅದೇ. ಮಗು ಬೋರ್ಡ್ ಬಿಟ್ಟು ವಸ್ತು ನೋಡಲಿ ಅಂತ ನಾನು ಜೂನ್ ತಿಂಗಳ ಮೊದಲ ಪಾಠಕ್ಕೆ ಮಾವು ಇಡುತ್ತೇನೆ. ಶ್ರೀನಿವಾಸಪುರದ ಹಣ್ಣು ಸಂತೆಯಲ್ಲಿ ತುಂಬಿರುವ ಕಾಲ ಅದು.

ಬೇಕಾದ್ದು ಸ್ವಲ್ಪವೇ. ದಪ್ಪ ಡ್ರಾಯಿಂಗ್ ಶೀಟ್, 6 ಅಥವಾ 8ನೇ ನಂಬರಿನ ದುಂಡು ಬ್ರಷ್, ಕೆಂಪು, ಹಳದಿ, ನೀಲಿ ವಾಟರ್ ಕಲರ್. ನೋಟ್‌ಬುಕ್ ಹಾಳೆ ಬೇಡ, ನೀರು ತಾಗಿದರೆ ಸುಕ್ಕಾಗುತ್ತದೆ. 24 ಬಣ್ಣದ ಅಗ್ಗದ ಡಬ್ಬಿಯೂ ಬೇಡ. ಅದರ ಬಿಲ್ಲೆಗಳು ಕಲ್ಲಿನ ಹಾಗಿರುತ್ತವೆ, ಉಜ್ಜಿ ಉಜ್ಜಿ ಬ್ರಷ್ಷಿನ ಕೂದಲೆಲ್ಲ ಉದುರುತ್ತದೆ. ಈಗಾಗಲೇ ತಂದಿದ್ದರೆ 10 ನಿಮಿಷ ಮೊದಲೇ ಬಿಲ್ಲೆಗಳ ಮೇಲೆ ಎರಡೆರಡು ಹನಿ ನೀರು ಬಿಡಿ. ಕಪ್ಪು ಬಣ್ಣವನ್ನು ಮಾತ್ರ ಬೀರುವಿಗೆ ಹಾಕಿ ಬೀಗ ಹಾಕಿ.

ಮೊದಲು, ತೋತಾಪುರಿ (ಅದೇ ಗಿಣಿಮೂತಿ ಮಾವು) ಮತ್ತು ರಸಪುರಿ ಎರಡನ್ನೂ ಕೊಡಿ. ಕಣ್ಣು ಮುಚ್ಚಿ ಸವರಲಿ. "ಮೂತಿ ಯಾವುದಕ್ಕಿದೆ ಮಕ್ಕಳೇ?" ಅಂತ ಕೇಳಿ.

ಆಮೇಲೆ ತೋತಾಪುರಿಯನ್ನು ಹಳದಿ ಕ್ರೇಯಾನ್‌ನಲ್ಲಿ ಹಾಳೆ ತುಂಬ ಬರೆಯಲಿ. ಪೆನ್ಸಿಲ್ ಕೊಟ್ಟರೆ ರಬ್ಬರ್ ಹಿಡಿದೇ ಕೂರುತ್ತಾರೆ.

ಇನ್ನು ಬಣ್ಣ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಎರಡು ಮಕ್ಕಳಿಗೆ ಎರಡು ಲೋಟ ನೀರಿಡಿ. ಒಂದು ಬ್ರಷ್ ತೊಳೆಯಲು, ಇನ್ನೊಂದು ಶುದ್ಧ ನೀರು ತೆಗೆದುಕೊಳ್ಳಲು. ಒಂದೇ ಲೋಟವಾದರೆ ಐದು ನಿಮಿಷದಲ್ಲಿ ಎಲ್ಲರ ಮಾವೂ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಹಳೇ ಕಾಟನ್ ಬಟ್ಟೆ ಇರಲಿ. ತೊಳೆದ ಬ್ರಷ್ಷನ್ನು ಪ್ರತಿ ಸಲ ಬಟ್ಟೆಗೆ ಒತ್ತಬೇಕು. "ಬ್ರಷ್‌ಗೆ ಮೂಗು ಒರೆಸಿ" ಅಂದರೆ ಸಾಕು, ಒಂದನೇ ಕ್ಲಾಸಿನವರೂ ಮರೆಯುವುದಿಲ್ಲ.

ಹಸಿರನ್ನು ಮಕ್ಕಳೇ ಮಾಡಲಿ. ತಟ್ಟೆಯಲ್ಲಿ ಮೊದಲು ಹಳದಿ ಇರಬೇಕು. ಅದಕ್ಕೆ ಬ್ರಷ್ಷಿನ ತುದಿಗೆ ಅಂಟುವಷ್ಟೇ ನೀಲಿ. ನೀಲಿ ಮೊದಲು ಹಾಕಿದರೆ ಎಷ್ಟು ಹಳದಿ ಸುರಿದರೂ ಕಡು ಹಸಿರೇ ಉಳಿಯುತ್ತದೆ, ಟ್ಯೂಬ್ ಖಾಲಿಯಾಗುತ್ತದೆ.

ಮಾವಿಗೆಲ್ಲ ತೆಳು ಹಳದಿ ಬಳಿದ ಮೇಲೆ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿಸಿ. ಒದ್ದೆ ಕನ್ನಡಿ ಹಾಗೆ ಹೊಳೆಯುತ್ತಿದೆ ಅಲ್ವಾ? ಹಸಿರನ್ನು ಆಗಲೇ ಒಂದು ಬದಿಗೆ ಮುಟ್ಟಿಸಬೇಕು. ಅದು ತಾನಾಗಿ ಹರಡಿ ಹಳದಿಯೊಳಗೆ ಕರಗುತ್ತದೆ. ತೊಟ್ಟಿನ ಹತ್ತಿರ ಚೂರು ಕೆಂಪು. ಹೊಳಪು ಹೋಗಿ ಹಾಳೆ ಇನ್ನೂ ತಣ್ಣಗಿದ್ದರೆ ಮುಟ್ಟಲೇಬೇಡಿ. ಆಗ ಮುಟ್ಟಿದರೆ ಹೂಕೋಸಿನ ಅಂಚಿನಂಥ ಕಲೆ ಬೀಳುತ್ತದೆ. ಪೂರ್ತಿ ಆರುವವರೆಗೆ ಕಾಯಿರಿ. ಅಷ್ಟರಲ್ಲಿ ಮೂರೂ ಬಣ್ಣ ಬೆರೆಸಿ ತೊಟ್ಟಿಗೆ ಕಂದು ಮಾಡಿಕೊಳ್ಳಬಹುದು.

ಮಗುವಿನ ಹಾಳೆ ಮೇಲೆ ಮೇಷ್ಟ್ರು, ಮೇಡಂ, ಅಪ್ಪ, ಅಮ್ಮ ಯಾರೂ ಬ್ರಷ್ ಇಡಬಾರದು. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಿ. "ಸ್ವಲ್ಪ ಸರಿ ಮಾಡ್ತೀನಿ ಕೊಡು" ಅಂದ ಕೂಡಲೇ ಮಗು ಕೈಬಿಟ್ಟು ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಾಳೆಗಳನ್ನು ನೆಲದ ಮೇಲೆ ಹರಡಿ ಒಣಗಿಸಿ. ದಾರಕ್ಕೆ ನೇತುಹಾಕಿದರೆ ಬಣ್ಣ ಇಳಿಯುತ್ತದೆ. ಎಲ್ಲರೂ ಸೋಪು ಹಾಕಿ ಕೈ ತೊಳೆದ ಮೇಲೆ ತೋತಾಪುರಿ ಕೊಯ್ದು ಉಪ್ಪು ಖಾರ ಹಚ್ಚಿ ಹಂಚಿ.