ಕೆನ್ನೆ ಉರಿಯುತ್ತಿದೆಯಾ? ಮೊದಲು ಟ್ಯೂಬ್ ತಿರುಗಿಸಿ ನೋಡಿ

ದೋಸೆ ಹುಯ್ಯುತ್ತಾ ಒಲೆ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ನನ್ನ ಅಕ್ಕನ ಕೆನ್ನೆ, ಮೂಗು ಎಲ್ಲ ಬಿಸಿಯಾಗಿ ಚುರುಚುರು ಅನ್ನುತ್ತಿತ್ತು. ಸಣ್ಣ ಗುಳ್ಳೆಗಳೂ ಇದ್ದವು. ಎಲ್ಲರೂ ಮೊಡವೆ ಅಂದರು. ಅದು ರೊಸೇಶಿಯಾ, ಮುಖ ಕೆಂಪಾಗಿ ಉರಿಯುವ, ಹೋಗಿ ಬಂದು ಮಾಡುವ ಚರ್ಮದ ಕಾಯಿಲೆ. ಮೊಡವೆಯಲ್ಲಿ ಬ್ಲ್ಯಾಕ್‌ಹೆಡ್ ಇರುತ್ತದೆ, ಇದರಲ್ಲಿ ಇರುವುದಿಲ್ಲ. ನಮ್ಮ ಕಂದು ಚರ್ಮದಲ್ಲಿ ಕೆಂಪು ಅಷ್ಟಾಗಿ ಎದ್ದು ಕಾಣುವುದಿಲ್ಲ, ಹಾಗಾಗಿ ಕನ್ನಡಿಗಿಂತ ಉರಿಯನ್ನೇ ಜಾಸ್ತಿ ನಂಬಿ.

ಮೊದಲ ಕೆಲಸ, ಈಗ ಹಚ್ಚುತ್ತಿರುವ ಕ್ರೀಮಿನ ಹಿಂಬದಿ ಓದುವುದು. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ಹೊಸತರಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಎದ್ದು ಕಾಣುತ್ತವೆ, ರೊಸೇಶಿಯಾದಂಥದ್ದೇ ಗುಳ್ಳೆ ಏಳುತ್ತವೆ, ಬಿಟ್ಟರೆ ಉರಿ ಇನ್ನೂ ಜೋರಾಗುತ್ತದೆ, ಆ ಉರಿ ತಡೆಯಲಾರದೆ ಜನ ಮತ್ತೆ ಅದೇ ಟ್ಯೂಬ್ ಒತ್ತುತ್ತಾರೆ. 2018ರಲ್ಲೇ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿ ಮಾಡಿತು. ಆದರೂ ಅಕ್ಕನಿಗೆ ಒಂದು ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟರು. ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಟ್ಯೂಬನ್ನು ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಹೇಗೆ ಬಿಡಬೇಕು ಅಂತ ಅವರೇ ಹೇಳಲಿ.

ಆಮೇಲೆ ಮುಖದ ಫೋಟೊ ತೆಗೆದಿಟ್ಟುಕೊಳ್ಳಿ. ಉರಿ ಎದ್ದಾಗ, ಕಿಟಕಿ ಬೆಳಕಲ್ಲಿ. ಬಿಸಿಲೋ, ಖಾರವೋ, ಬಿಸಿ ಕಾಫಿಯೋ, ಏನಾದ ಮೇಲೆ ಎದ್ದಿತು ಎಂದು ಬರೆದಿಡಿ. ಕ್ಲಿನಿಕ್ಕಿಗೆ ಹೋಗುವ ಹೊತ್ತಿಗೆ ಮುಖ ತಣ್ಣಗಾಗಿರುತ್ತದೆ, ಅಲ್ವಾ?

ಡಾಕ್ಟರ ಮುಂದೆ ಒಂದೊಂದು ತೊಂದರೆಯನ್ನೂ ಬಿಡಿಸಿ ಹೇಳಿ. 2002ರಿಂದ ಈ ಕಾಯಿಲೆಯನ್ನು ನಾಲ್ಕು ವಿಧ ಮಾಡಿ ನೋಡುತ್ತಿದ್ದರು. 2017ರಿಂದೀಚೆಗೆ ವಿಧಕ್ಕಿಂತ ಲಕ್ಷಣಕ್ಕೆ ಮದ್ದು ಕೊಡುವ ಕಡೆ ವಾಲಿದ್ದಾರೆ. ನನಗೆ ಇದು ಸರಿ ಅನಿಸುತ್ತದೆ, ಏಕೆಂದರೆ ಒಂದೇ ಮುಖದಲ್ಲಿ ಎರಡು ಮೂರು ತೊಂದರೆ ಒಟ್ಟಿಗೇ ಇರುತ್ತವೆ.

ಗುಳ್ಳೆಗಳಿಗೆ ಐವರ್‌ಮೆಕ್ಟಿನ್ 1% ಕ್ರೀಮ್, ಮೆಟ್ರೊನಿಡಜೋಲ್ ಅಥವಾ ಅಝೆಲಾಯಿಕ್ ಆ್ಯಸಿಡ್ ಬರೆಯಬಹುದು. ಐವರ್‌ಮೆಕ್ಟಿನ್ ಚರ್ಮದಲ್ಲಿರುವ ಡೆಮೊಡೆಕ್ಸ್ ಎಂಬ ನುಸಿಯನ್ನೂ ಕಡಿಮೆ ಮಾಡುತ್ತದೆ. ಹಣೆ, ಮೂಗು, ಗದ್ದ, ಎರಡು ಕೆನ್ನೆ, ಒಂದೊಂದಕ್ಕೂ ಬಟಾಣಿ ಕಾಳಿನಷ್ಟು ತೆಗೆದು ತೆಳ್ಳಗೆ ಸವರಿ, ಉಜ್ಜಬೇಡಿ. ಗುಣ ಕಾಣಲು ವಾರಗಳೇ ಬೇಕು, ನಾಲ್ಕು ದಿನಕ್ಕೇ ಸುಮ್ನೆ ಬಿಟ್ಟುಬಿಡಬೇಡಿ.

ಮಾತ್ರೆ ಬೇಕಾದರೆ ಡಾಕ್ಸಿಸೈಕ್ಲಿನ್. ಇದರಲ್ಲೂ ಬದಲಾವಣೆ ಆಗಿದೆ. ನಿಧಾನವಾಗಿ ಬಿಡುಗಡೆಯಾಗುವ 40 ಮಿ.ಗ್ರಾಂ. ಪ್ರಮಾಣ ಕೀಟಾಣು ಕೊಲ್ಲುವುದಕ್ಕಲ್ಲ, ಉರಿಯೂತ ಇಳಿಸುವುದಕ್ಕೆ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ.

ಬ್ರಿಮೊನಿಡಿನ್ ಜೆಲ್ ಕೆಂಪನ್ನು ಕೆಲವು ಗಂಟೆ ಮಾತ್ರ ಇಳಿಸುತ್ತದೆ, ಕೆಲವರಿಗೆ ಕೆಂಪು ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತದೆ. ಎದ್ದು ಕಾಣುವ ರಕ್ತನಾಳಗಳಿಗೆ ಕ್ರೀಮ್ ಸಾಲದು, ಲೇಸರ್ ಬೇಕು. ಕಂದು ಚರ್ಮಕ್ಕೆ ಲೇಸರ್‌ನಿಂದ ಕಲೆ ಬೀಳಬಹುದು, ಅನುಭವ ಇರುವವರ ಹತ್ತಿರವೇ ಮಾಡಿಸಿ.

ನಿಂಬೆರಸ, ಸ್ಕ್ರಬ್ ಬೇಡ. ಸೌಮ್ಯ ಫೇಸ್‌ವಾಶ್, ಮಾಯಿಶ್ಚರೈಸರ್, ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಸಾಕು.

ಕಣ್ಣಲ್ಲಿ ಮರಳು ಬಿದ್ದ ಹಾಗೆ ಅನಿಸಿದರೆ, ರೆಪ್ಪೆ ಊದಿ ಕೆಂಪಾದರೆ, ಅದೂ ರೊಸೇಶಿಯಾ ಇರಬಹುದು. ಚರ್ಮದ ಡಾಕ್ಟರಿಗೆ ಹೇಳಿ, ಅದೇ ವಾರ ಕಣ್ಣಿನ ಡಾಕ್ಟರಿಗೂ ತೋರಿಸಿ. ನೋವಿದ್ದರೆ, ದೃಷ್ಟಿ ಮಂಜಾದರೆ ಅವತ್ತೇ ಹೋಗಿ.