ಪಾವಗಡದಿಂದ ಎಂಪಿಎಚ್: ಕಾಲೇಜನ್ನು ನಾನು ಆರಿಸಿದ ರೀತಿ

ಬಿಡಿಎಸ್ (ಹಲ್ಲಿನ ಡಾಕ್ಟರ್ ಪದವಿ) ಮುಗಿಸಿ ಕ್ಲಿನಿಕ್ ಹಾಕದೆ ಪಬ್ಲಿಕ್ ಹೆಲ್ತ್ ಓದುತ್ತೇನೆ ಅಂದಾಗ ಎಲ್ಲರದ್ದೂ ಒಂದೇ ಮಾತು: ಎಂಬಿಬಿಎಸ್‌ನವರ ಮುಂದೆ ನಿನಗ್ಯಾರು ಸೀಟು ಕೊಡ್ತಾರೆ? ಕೊಟ್ಟರು. 1997ರಿಂದ ಎಂಪಿಎಚ್, ಅಂದರೆ ಪಬ್ಲಿಕ್ ಹೆಲ್ತ್ ಸ್ನಾತಕೋತ್ತರ ಪದವಿ, ನಡೆಸುತ್ತಿರುವ ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲೇ ಸಿಕ್ಕಿತು.

ಅರ್ಜಿ ಹಾಕಿದ ಮೊದಲ ವರ್ಷ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಸುಮಾರು 40 ಸಾವಿರ ತೆಗೆದುಕೊಂಡು, ರ‍್ಯಾಂಕಿಂಗ್ ನೋಡಿ ಅಮೆರಿಕದ ಪಟ್ಟಿ ಕೊಟ್ಟರು. ಅಲ್ಲಿನ ಪಬ್ಲಿಕ್ ಹೆಲ್ತ್ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ ಸೋಫಾಸ್‌ನಲ್ಲಿ ಮೊದಲ ಕಾಲೇಜಿಗೆ 140 ಡಾಲರ್ ಆಸುಪಾಸು, ಆಮೇಲೆ ಒಂದೊಂದಕ್ಕೂ 50ರ ಮೇಲೆ. ಅಂಕಪಟ್ಟಿ ಪರಿಶೀಲನೆಗೆ ಬೇರೆ ದುಡ್ಡು. ಎಲ್ಲಾ ಸೇರಿ ಲಕ್ಷ ದಾಟಿತು. ಎಸ್‌ಒಪಿಯನ್ನೂ (ಯಾಕೆ ಓದಬೇಕು ಅಂತ ನಾವು ಬರೆದುಕೊಡುವ ಪತ್ರ) ಅವರೇ ಬರೆದರು. ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುತ್ತಿತ್ತು. ಒಂದು ಕಡೆ ಸೀಟು ಬಂತು, ಸ್ಕಾಲರ್‌ಶಿಪ್ ಇಲ್ಲ. ಅಪ್ಪ ಜಮೀನು ಅಡ ಇಡಲು ತಯಾರಿದ್ದರು. ನಾನೇ ಬೇಡ ಅಂದೆ.

ಎರಡನೇ ವರ್ಷ ರ‍್ಯಾಂಕಿಂಗ್ ಪಕ್ಕಕ್ಕಿಟ್ಟು ಮೊದಲು ಪ್ರಶ್ನೆ ಹುಡುಕಿದೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದ ಹಲ್ಲಿನಲ್ಲಿ ಕಲೆ ಬೀಳುತ್ತದೆ, ಗೊತ್ತಿರೋದೇ. ಈಗ ಊರೂರಲ್ಲೂ ಶುದ್ಧ ನೀರಿನ ಘಟಕ ಇದೆ, 5 ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುತ್ತದೆ. ಆದರೂ ಎಂಟು ಒಂಬತ್ತು ವರ್ಷದ ಮಕ್ಕಳ ಮುಂದಿನ ಹಲ್ಲಿನಲ್ಲಿ ಕಲೆ ಕಾಣುತ್ತದೆ. ಆ ಹಲ್ಲು ಒಸಡಿನೊಳಗೆ ಬಲಿತದ್ದೇ ಘಟಕ ಬಂದ ಮೇಲೆ, ಅಲ್ವಾ? ಮತ್ತೆ ಕಲೆ ಎಲ್ಲಿಂದ? ಮನೆಗಳಲ್ಲಿ ಕೇಳಿದರೆ, ಕ್ಯಾನ್ ನೀರು ಕುಡಿಯೋಕೆ ಮಾತ್ರ. ಅನ್ನ, ಸಾರು, ಟೀ ಎಲ್ಲಾ ಬೋರ್‌ವೆಲ್‌ನಿಂದ ಬರುವ ನಲ್ಲಿ ನೀರಲ್ಲೇ.

ಈ ಪ್ರಶ್ನೆ ಇಟ್ಟುಕೊಂಡು ಒಂದೊಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಡಿಸರ್ಟೇಶನ್ ಓದಿದೆ. ಯಾರು ಮನೆಮನೆಗೆ ಹೋಗಿ ಡೇಟಾ ತಂದಿದ್ದಾರೆ, ಯಾರು ಬರೀ ಆಸ್ಪತ್ರೆ ರಿಜಿಸ್ಟರ್ ನೋಡಿ ಮುಗಿಸಿದ್ದಾರೆ ಅನ್ನೋದು ವಿಧಾನದ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ಬ್ರೋಷರ್‌ನಲ್ಲಿ ಇದು ಸಿಗಲ್ಲ. ಪುದುಚೇರಿಯ ಜಿಪ್ಮರ್, ಚೆನ್ನೈನ ಸಾಂಕ್ರಾಮಿಕ ರೋಗ ಅಧ್ಯಯನ ಸಂಸ್ಥೆ ಎನ್‌ಐಇ ಎರಡೂ ಕೊನೆಯವರೆಗೆ ಪಟ್ಟಿಯಲ್ಲಿದ್ದವು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಫ್ಲೋರೈಡ್ ಅಳೆಯುವ ಫೀಲ್ಡ್ ಕಿಟ್ ತಂದು ಬೀದಿ ನಲ್ಲಿಗಳ ನೀರು ನೋಡಿದೆ. ಗುಲಾಬಿ ಬಣ್ಣದ ದ್ರಾವಣ ಹಾಕಿದರೆ ಕೆಲವು ಕಡೆ ಪೂರ್ತಿ ಹಳದಿ, ಅಂದರೆ ಫ್ಲೋರೈಡ್ ಜಾಸ್ತಿ. ನಮ್ಮ ಮಾನದಂಡದಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೇಲೆ ಹೋಗುವಂತಿಲ್ಲ. ಫ್ಲೋರೈಡ್ ಕಲೆಗೆ ಅಂಕ ಕೊಡುವ ಎರಡು ಅಳತೆಗಳು, ಡೀನ್ ಮತ್ತು ಟಿಎಫ್. ಮಕ್ಕಳ ಹಲ್ಲನ್ನು ಡೀನ್ ಇಂಡೆಕ್ಸ್‌ನಲ್ಲೂ ಟಿಎಫ್ ಇಂಡೆಕ್ಸ್‌ನಲ್ಲೂ ಅಳೆದೆ. ಟಿಎಫ್‌ಗೆ ಹಲ್ಲನ್ನು ಹತ್ತಿಯಲ್ಲಿ ಒರೆಸಿ ಒಣಗಿಸಬೇಕು. ಒಣಗಿದ ಕೂಡಲೇ ತೆಳ್ಳನೆ ಬಿಳಿ ಗೆರೆಗಳು ಎದ್ದು ಕಾಣುತ್ತವೆ. ನನಗಂತೂ ಟಿಎಫ್ಫೇ ಸರಿ.

ಸಂದರ್ಶನದ ಅರ್ಧ ಹೊತ್ತು ಈ ನೀರಿನ ಮಾತಲ್ಲೇ ಹೋಯಿತು. ಹಲ್ಲಿನ ಡಾಕ್ಟರ್ ಆಗಿದ್ದೇ ಅಲ್ಲಿ ನನ್ನ ಬಲವಾಯಿತು. ಕೈಯಲ್ಲಿ ಒಂದು ಹಾಳೆ ಒಯ್ದಿದ್ದೆ. ಅದರಲ್ಲೇನಿತ್ತು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಮುಂದಿನ ವರ್ಷ ತಂಗಿ ಅರ್ಜಿ ಹಾಕುತ್ತಾಳೆ.

ಈ ಸಲ ಅರ್ಜಿ, ಕಿಟ್, ರೈಲು ಎಲ್ಲಾ ಸೇರಿ 15 ಸಾವಿರದೊಳಗೇ ಮುಗಿಯಿತು. ಬಿಡಿಎಸ್, ನರ್ಸಿಂಗ್ ಮುಗಿಸಿದವರು ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯ ಕೊಡುವ ಎಲ್ಲಾ ವರ್ಷಗಳ ಅಂಕಗಳ ದಾಖಲೆ) ಮಾತ್ರ ಈಗಲೇ ತೆಗೆಸಿಡಿ. ಕೊನೇ ದಿನಾಂಕ ಹತ್ತಿರ ಬಂದಾಗ ಅದೊಂದೇ ಕೈಗೆ ಸಿಗಲ್ಲ.